ದಿನವಿಡೀ ಸ್ಕ್ರೀನ್ ಮುಂದೆ ಕೂತು ಕತ್ತು ನೋವು: ಮೈಸೂರು, ಮಂಡ್ಯದವರು ಏನು ಮಾಡುತ್ತಿದ್ದೀರಿ?

ಬೋಗಾದಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕಂಪನಿಯೊಂದಕ್ಕೆ ಮೈಸೂರಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಊಟದ ಟೇಬಲ್ಲೇ ಆಫೀಸು, ಇರುವುದು ಒಂದು ಲ್ಯಾಪ್‌ಟಾಪ್. ಕೆಲವು ತಿಂಗಳಿಂದ ಕತ್ತಿನ ಹಿಂಭಾಗ ಮತ್ತು ಬಲ ಹೆಗಲು ಹಿಡಿದುಕೊಳ್ಳುತ್ತಿದೆ. ಮಧ್ಯಾಹ್ನದ ಊಟ ಆದ ಮೇಲೆ ಶುರುವಾಗುತ್ತದೆ, ಸಂಜೆ ಹೊತ್ತಿಗೆ ತಲೆಯ ಹಿಂದಿನಿಂದ ಹಣೆಯವರೆಗೂ ನೋವು ಹತ್ತುತ್ತದೆ. ಬೆಳಿಗ್ಗೆ ಎದ್ದಾಗ ಪರವಾಗಿಲ್ಲ.

ಎಂಆರ್‌ಐ ಮಾಡಿಸಿದೆ. ಎರಡು ಕಡೆ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ, ಕುತ್ತಿಗೆಯ ಸಹಜ ಬಾಗು ಕಡಿಮೆಯಾಗಿದೆ ಅಂತ ರಿಪೋರ್ಟಿನಲ್ಲಿ ಇದೆ. ನನಗೆ ಇನ್ನೂ 34 ವರ್ಷ. ಅದನ್ನು ಓದಿದ ಮೇಲೆ ಕತ್ತು ತಿರುಗಿಸುವುದಕ್ಕೂ ಹೆದರಿಕೆ. ಸ್ಕ್ಯಾನ್ ಮಾಡಿದ ಕಡೆ ಯಾರೂ ಬಿಡಿಸಿ ಹೇಳಲಿಲ್ಲ. ಒಬ್ಬರು ಕತ್ತು ಅಲ್ಲಾಡದಂತೆ ಹಿಡಿಯುವ ಕಾಲರ್ ಪಟ್ಟಿ ಹಾಕಿಕೊಳ್ಳಿ ಅಂದರು. ಇನ್ನೊಬ್ಬರು ಒಳ್ಳೆ ಕುರ್ಚಿ ತಗೊಳ್ಳಿ, 25,000 ಆಗುತ್ತದೆ ಅಂದರು. ಅತ್ತೆ ಎಣ್ಣೆ ಹಚ್ಚಿಸಿಕೋ ಅಂತಾರೆ. ಯಾವುದನ್ನು ನಂಬುವುದು? ಇದೇ ತೊಂದರೆ ಇದ್ದವರು, ವಿಷಯ ಗೊತ್ತಿರುವವರು ದಯವಿಟ್ಟು ಹೇಳಿ.

ಮಂಡ್ಯ ರೈಲು ಪಾಸ್

ಅಕ್ಕ, ನಮ್ಮ ಬೋಗಿಯಲ್ಲಿ ಅರ್ಧ ಜನಕ್ಕೆ ಇದೇ ಕಥೆ. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಮಂಡ್ಯದಿಂದ ಬೆಂಗಳೂರಿಗೆ ಹೋಗಿ ಬರುತ್ತೇನೆ. ಹತ್ತಿದ ಕೂಡಲೇ ಎಲ್ಲರೂ ತಲೆ ತಗ್ಗಿಸಿ ಫೋನ್ ಹಿಡಿದರೆ ಕೆಂಗೇರಿ ಬಂದಾಗಲೇ ತಲೆ ಎತ್ತುವುದು. ಆಮೇಲೆ ಆಫೀಸಿನಲ್ಲಿ ಕಂಪ್ಯೂಟರ್, ವಾಪಸ್ ಬರುವಾಗ ಮತ್ತೆ ಫೋನ್. ನಾನು ರೈಲಿನಲ್ಲಿ ಮೆತ್ತನೆ ಕಾಲರ್ ಹಾಕಿಕೊಳ್ಳುತ್ತೇನೆ, ಆರಾಮಾಗುತ್ತದೆ. ನೀವೂ ನೋಡಿ.

ಕುವೆಂಪುನಗರ ಫಿಸಿಯೋ

ಮೇಡಂ, ಮೊದಲು ನಿಮ್ಮ ರಿಪೋರ್ಟಿನ ವಿಷಯ. ಹೆದರಬೇಡಿ. 2015ರಲ್ಲಿ ಪ್ರಕಟವಾದ ಜಪಾನ್‌ನ ಅಧ್ಯಯನದಲ್ಲಿ ಕತ್ತು ನೋವೇ ಇಲ್ಲದ 1211 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅವರಲ್ಲಿ 87.6% ಜನರಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಜನರಿಗೆ ಇತ್ತು. ಅವರಿಗೆ ನೋವಿರಲಿಲ್ಲ, ನೆನಪಿರಲಿ. ಅಂದರೆ ಸ್ಕ್ಯಾನ್‌ನಲ್ಲಿ ಕಂಡ ಉಬ್ಬೇ ನಿಮ್ಮ ನೋವಿಗೆ ಕಾರಣ ಅಂತ ಹೇಳುವುದಕ್ಕೆ ಬರುವುದಿಲ್ಲ. ಬಾಗು ಕಡಿಮೆಯಾಗಿದೆ ಅನ್ನುವುದೂ ಅಷ್ಟೇ. ನೋವಿಲ್ಲದವರಲ್ಲೂ ಅದು ಧಾರಾಳವಾಗಿ ಕಾಣುತ್ತದೆ. ಕೈಗೆ ಜೋಮು ಇಲ್ಲ, ಕೈಯ ಬಲ ಕುಂದಿಲ್ಲ, ಬೆಳಿಗ್ಗೆ ಸರಿ ಇದ್ದು ಸಂಜೆಗೆ ಜಾಸ್ತಿ ಆಗುತ್ತದೆ ಅಂದರೆ ಬಹುತೇಕ ಅದು ಸ್ನಾಯುಗಳ ಆಯಾಸ.

ಕುತ್ತಿಗೆಯಲ್ಲಿ 7 ಮೂಳೆಗಳಿವೆ. ಅವುಗಳ ಮೇಲೆ ಕೂತಿರುವ ತಲೆಯ ತೂಕ ಸುಮಾರು 5 ಕೆಜಿ. ತಲೆ ನೇರ ಇದ್ದಾಗ ಮೂಳೆಗಳೇ ಹೆಚ್ಚು ಭಾರ ಹೊರುತ್ತವೆ. ಮುಂದಕ್ಕೆ ಚಾಚಿದಾಗ ಹಿಂದಿನ ಸ್ನಾಯುಗಳು ಬಿಡುವಿಲ್ಲದೆ ಎಳೆದು ಹಿಡಿಯಬೇಕು. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ತೊಂದರೆ ಕೊಡುವುದು ಹಿಡಿದದ್ದಕ್ಕಿಂತ ಹೆಚ್ಚಾಗಿ ಇಳಿಸದೇ ಹಿಡಿದೇ ಇರುವುದು. ನಿಮಗೆ ಹೆಗಲು ಮತ್ತು ಕತ್ತು ಸೇರುವ ಜಾಗದಲ್ಲಿ ಗಂಟು ಗಂಟಾಗಿ ಸಿಗುತ್ತದಲ್ಲ, ಅದು ಟ್ರೆಪೀಜಿಯಸ್ ಅನ್ನುವ ಸ್ನಾಯು. ತಲೆಯ ಹಿಂದಿನಿಂದ ಹಣೆಗೆ ಬರುವ ನೋವೂ ಇದೇ ಬಿಗಿತದಿಂದ ಬರಬಹುದು.

ಕಾಲರ್ ಬೇಡ. ಪೆಟ್ಟು ಬಿದ್ದಾಗ, ಆಪರೇಷನ್ ಆದಾಗ, ಕೆಲವು ಸಲ ನರ ತುಂಬ ಕೆರಳಿದಾಗ ಸ್ವಲ್ಪ ದಿನಕ್ಕೆ ಡಾಕ್ಟರ್ ಹೇಳುತ್ತಾರೆ. ದಿನಾ ಹಾಕಿಕೊಂಡರೆ ಕತ್ತಿನ ಸ್ನಾಯುಗಳಿಗೆ ಕೆಲಸವೇ ಇಲ್ಲದೆ ಇನ್ನೂ ಸೊರಗುತ್ತವೆ. ಮಂಡ್ಯದ ಸರ್, ನೀವೂ ನಿಧಾನವಾಗಿ ಬಿಡುವ ಕಡೆ ಯೋಚಿಸಿ.

ಹೆಬ್ಬಾಳ ಟೆಸ್ಟಿಂಗ್

ತಲೆ 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕೆಜಿ ಭಾರ ಬೀಳುತ್ತದೆ ಅಂತ ಎಲ್ಲ ಕಡೆ ಚಿತ್ರ ಓಡಾಡುತ್ತಿದೆಯಲ್ಲ. ಹಾಗಿದ್ದರೆ ಫೋನ್ ನೋಡುವವರ ಕತ್ತು ಇಷ್ಟೊತ್ತಿಗೆ ಸವೆದು ಹೋಗಬೇಕಿತ್ತಲ್ವಾ? ಗೊತ್ತಿರುವವರು ಹೇಳಿ, ನಿಜಕ್ಕೂ ಅನುಮಾನ ಇದೆ.

ಕುವೆಂಪುನಗರ ಫಿಸಿಯೋ

ಒಳ್ಳೆ ಪ್ರಶ್ನೆ. ಅದು 2014ರಲ್ಲಿ ಅಮೆರಿಕದ ಬೆನ್ನುಮೂಳೆ ಸರ್ಜನ್ ಕೆನೆತ್ ಹಂಸ್‌ರಾಜ್ ಅವರು ಪ್ರಕಟಿಸಿದ ಲೆಕ್ಕ. 15 ಡಿಗ್ರಿಗೆ ಸುಮಾರು 12 ಕೆಜಿ, 30ಕ್ಕೆ 18, 45ಕ್ಕೆ 22, 60ಕ್ಕೆ 27. ಕಂಪ್ಯೂಟರ್ ಮಾದರಿಯಲ್ಲಿ ಹಾಕಿದ ಲೆಕ್ಕ ಅದು, ಜೀವಂತ ಮನುಷ್ಯರ ಕತ್ತಿನಲ್ಲಿ ಅಳೆದದ್ದಲ್ಲ. ಬಗ್ಗಿದರೆ ಭಾರ ಜಾಸ್ತಿ ಅನ್ನುವುದು ನಿಜ. ಆ ಭಾರದಿಂದ ಕತ್ತು ಹಾಳಾಗುತ್ತದೆ ಅಂತ ಆ ಲೆಕ್ಕ ತೋರಿಸುವುದಿಲ್ಲ. ಬಗ್ಗುವುದಕ್ಕೇ ಮಾಡಿದ ಅಂಗ ಅದು.

2018ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನದಲ್ಲಿ 18ರಿಂದ 21 ವರ್ಷದ 150 ಮಂದಿ ಫೋನ್ ಹಿಡಿಯುವ ಭಂಗಿಯನ್ನು ನೋಡಿ, ಅವರ ಕತ್ತು ನೋವಿನ ಜೊತೆ ಹೋಲಿಸಿದರು. ಎರಡಕ್ಕೂ ನಂಟು ಕಾಣಲಿಲ್ಲ. ಹಾಗಂತ ಭಂಗಿ ಏನೇ ಇರಲಿ ಅಂತ ನಾನು ಹೇಳುವುದಿಲ್ಲ. ನೋವಿರುವವರಿಗೆ ಭಂಗಿ ಬದಲಿಸಿದರೆ ಹಗುರ ಅನ್ನಿಸುತ್ತದೆ, ಅದನ್ನು ನಾನು ದಿನಾ ನೋಡುತ್ತೇನೆ. ಆದರೆ "ನೇರ ಕೂರು, ನೇರ ಕೂರು" ಅಂತ ಮರದ ಹಲಗೆ ಕಟ್ಟಿದವರಂತೆ ಎಂಟು ಗಂಟೆ ನೇರ ಕೂತವರಿಗೂ ನೋಯುತ್ತದೆ. ಒಂದೇ ಭಂಗಿಯಲ್ಲಿ ತುಂಬಾ ಹೊತ್ತು ಇರುವುದೂ ನೋವು ತರಬಹುದು. ಅರ್ಧ ಗಂಟೆಗೊಮ್ಮೆ ಏಳಿ, ನೀರು ಕುಡಿಯಿರಿ, ಫೋನ್ ಬಂದರೆ ನಡೆಯುತ್ತಾ ಮಾತಾಡಿ. ಒರಗಿ ಕೂರಿ, ಮುಂದೆ ಬನ್ನಿ, ಮತ್ತೆ ಒರಗಿ. ಯಾವುದೂ ಪಾಪವಲ್ಲ.

ಮಂಡಿ ಮೊಹಲ್ಲಾ ಡಿಟಿಪಿ

ಫಿಸಿಯೋ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಪುಸ್ತಕದ ಪುಟ ಕಟ್ಟುವ ಕೆಲಸದಲ್ಲಿರುವವನು. ನಮ್ಮ ಕೆಲಸದಲ್ಲಿ ಕತ್ತಿಗೆ ಶತ್ರು ಸ್ಕ್ರೀನ್ ಒಂದೇ ಅಲ್ಲ, ಹಸ್ತಪ್ರತಿಯೂ ಹೌದು. ಲೇಖಕರು ಕೊಟ್ಟ ಹಾಳೆ ಕೀಬೋರ್ಡಿನ ಎಡಗಡೆ ಮೇಜಿನ ಮೇಲೆ ಮಲಗಿರುತ್ತದೆ. ಪ್ರತಿ ಸಾಲಿಗೂ ಕತ್ತು ಎಡಕ್ಕೆ ತಿರುಗಿ ಕೆಳಕ್ಕೆ ಬಗ್ಗಬೇಕು, ಮತ್ತೆ ಸ್ಕ್ರೀನಿಗೆ ಏಳಬೇಕು. ಡಿಟಿಪಿಯವರಿಗೆ ಒಂದೇ ಬದಿ ನೋವು ಬರುವುದು ಇದರಿಂದಲೇ ಅಂತ ನನ್ನ ನಂಬಿಕೆ. ಅದಕ್ಕೆ ಹಾಳೆ ನಿಲ್ಲಿಸುವ ಸ್ಟ್ಯಾಂಡ್ ಬರುತ್ತದೆ. ಸ್ಕ್ರೀನಿನ ಪಕ್ಕಕ್ಕೆ, ಅದೇ ಎತ್ತರಕ್ಕೆ ನಿಲ್ಲಿಸಿ. ಸಿಗದಿದ್ದರೆ ಪರೀಕ್ಷೆ ಬರೆಯುವ ರಟ್ಟಿಗೆ ಕ್ಲಿಪ್ ಹಾಕಿ ಒರಗಿಸಿದರೂ ಆಯಿತು. ವಾರಕ್ಕೊಮ್ಮೆ ಎಡ, ಬಲ ಬದಲಿಸಿ.

ಇನ್ನೊಂದು ಮಾತು. ನಮ್ಮ ಮೊಹಲ್ಲಾದಲ್ಲಿ ಬೀಟೆ ಮರದ ಕುಸುರಿ ಕೆಲಸದವರು ತಲೆಮಾರುಗಳಿಂದ ಇದ್ದಾರೆ. ಮೈಸೂರಿನ ಆ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಕೂಡ ಇದೆ. ಹಲಗೆಯ ಮೇಲೆ ಬಗ್ಗಿ, ಸಣ್ಣ ಗರಗಸದಲ್ಲಿ ಎಲೆ, ಹೂವು, ಆನೆ ಕೊರೆದು ಕೂರಿಸುವ ಕೆಲಸ. ಅವರ ಕತ್ತು ನೋವಿಗೆ ಮೊಬೈಲ್ ಕಾರಣವಲ್ಲ. ಹಿರಿಯ ಕೆಲಸಗಾರರು ಆಗಾಗ ಎದ್ದು ಬೀದಿಗೆ ಬಂದು ಹೆಗಲು ತಿರುಗಿಸಿ, ಒಂದು ಟೀ ಕುಡಿದು ಒಳಗೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸೋಮಾರಿತನ ಅಂತ ಯಾರೂ ಅನ್ನುತ್ತಿರಲಿಲ್ಲ. ಇವತ್ತು ಆಫೀಸಿನಲ್ಲಿ ಹತ್ತು ನಿಮಿಷ ಎದ್ದರೆ ಮ್ಯಾನೇಜರ್ ತಲೆ ಎತ್ತಿ ನೋಡುತ್ತಾರೆ. ಅದು ಬದಲಾಗಬೇಕು.

ಪಾಂಡವಪುರ ಕಬ್ಬು

ಒಳ್ಳೆ ಮಾತು ಸ್ವಾಮಿ. ನಮ್ಮ ಕಡೆ ಕಬ್ಬು ಕಡಿಯುವ ಹೆಣ್ಣುಮಕ್ಕಳು, ಗಂಡಸರು ಬೆಳಗಿನಿಂದ ಬಗ್ಗಿ ಕಡಿದು, ಕಂತೆ ಕಟ್ಟಿ, ತಲೆ ಮೇಲೆ ಹೊತ್ತು ಲಾರಿಗೆ ಹಾಕುತ್ತಾರೆ. ಕತ್ತು, ಸೊಂಟ ಎರಡೂ ಹೋಗುತ್ತದೆ. ಅವರಿಗೆ ಎದ್ದು ಓಡಾಡಿ ಅಂತ ಹೇಳಿದರೆ ಏನು ಪ್ರಯೋಜನ? ಅವರಿಗೆ ಬೇಕಾಗಿರುವುದು ವಿಶ್ರಾಂತಿ, ಕೂತವರಿಗೆ ಬೇಕಾಗಿರುವುದು ಓಡಾಟ. ಕತ್ತು ನೋವು ಅಂದ ತಕ್ಷಣ ಎಲ್ಲರಿಗೂ ಒಂದೇ ಮದ್ದು ಹೇಳಬೇಡಿ ಅಂತ ನನ್ನ ಕೋರಿಕೆ.

ನನ್ನ ಮಗಳು ಮೈಸೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಊರಿಗೆ ಬಂದಾಗ ಎರಡು ದಿನ ತೋಟದಲ್ಲಿ ಓಡಾಡಿದರೆ ನೋವು ಕಾಣುವುದಿಲ್ಲ ಅಂತಾಳೆ.

ಸರಸ್ವತಿಪುರಂ ಟ್ಯಾಕ್ಸ್

ಕತ್ತು ಹಿಡಿದುಕೊಂಡರೆ ನಮ್ಮ ಬೀದಿಯ ಕಟಿಂಗ್ ಶಾಪಿನಲ್ಲಿ ತಲೆ ಮಸಾಜ್ ಮಾಡಿ, ಕೊನೆಗೆ ಎರಡೂ ಕಡೆ ಲಟಕ್ ಅಂತ ಲಟಿಕೆ ತೆಗೆಯುತ್ತಾರೆ. ಆ ಕ್ಷಣಕ್ಕೆ ಸ್ವರ್ಗ. ಮೇಡಂ ಹೆಣ್ಣುಮಕ್ಕಳು, ಅಲ್ಲಿಗೆ ಹೋಗುವುದಕ್ಕೆ ಆಗುವುದಿಲ್ಲ, ಮನೆಯಲ್ಲಿ ಯಾರಾದರೂ ತಿಳಿದವರ ಕೈಲಿ ತೆಗೆಸಿ ನೋಡಬಹುದು.

ಮಂಡ್ಯ ಡಾಕ್ಟರ್

ದಯವಿಟ್ಟು ಬೇಡ. ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕುತ್ತಿಗೆಯ ಮೂಳೆಗಳ ಒಳಗಿನ ಸಣ್ಣ ರಂಧ್ರಗಳ ಮೂಲಕ ಎರಡು ರಕ್ತನಾಳಗಳು ಮಿದುಳಿನ ಹಿಂಭಾಗಕ್ಕೆ ಹೋಗುತ್ತವೆ. ತಲೆಯನ್ನು ಜೋರಾಗಿ ತಿರುಚಿದಾಗ ಆ ನಾಳದ ಒಳಪದರ ಸೀಳಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಇದು ಅಪರೂಪ, ಆದರೆ ಆರೋಗ್ಯವಾಗಿರುವ ಸಣ್ಣ ವಯಸ್ಸಿನವರಿಗೂ ಆಗಿದೆ. ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಯುವಾಗ ಬೇಸಿನ್ನಿನ ಅಂಚಿಗೆ ಕತ್ತು ಒರಗಿಸಿ ತುಂಬಾ ಹಿಂದಕ್ಕೆ ಬಗ್ಗಿಸುವುದರಿಂದಲೂ ಹೀಗಾದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಕತ್ತು ತಿರುಚಿಸಿಕೊಂಡ ಮೇಲೆ ತಲೆ ಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನಡೆಯುವಾಗ ವಾಲುವುದು, ಹಿಂದೆಂದೂ ಇಲ್ಲದಂಥ ಕತ್ತು ನೋವು ಬಂದರೆ ಮಲಗಿ ನೋಡೋಣ ಅನ್ನಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇವೆ.

ಬಂದದ್ದಕ್ಕೆ ಇನ್ನೂ ಒಂದೆರಡು ವಿಷಯ ಹೇಳಿಬಿಡುತ್ತೇನೆ. ಕೈಗೆ ಜೋಮು ಬರುತ್ತಿದ್ದರೆ ಯಾವ ಬೆರಳಿಗೆ ಅಂತ ಗಮನಿಸಿ, ಡಾಕ್ಟರಿಗೆ ಅದನ್ನೇ ಹೇಳಿ. ಕತ್ತಿನ ಆರನೇ ನರ ಒತ್ತಿದರೆ ಹೆಬ್ಬೆರಳಿನ ಕಡೆ, ಏಳನೆಯದಾದರೆ ನಡುಬೆರಳು, ಎಂಟನೆಯದಾದರೆ ಕಿರುಬೆರಳಿನ ಕಡೆ ಜೋಮು ಬರುತ್ತದೆ. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸಿ, ಕೈ ಕೊಡವಿದರೆ ಕಡಿಮೆಯಾಗುವ ಜೋಮು ಹೆಚ್ಚಾಗಿ ಮಣಿಕಟ್ಟಿನಲ್ಲಿ ನರ ಒತ್ತಿದ್ದರಿಂದ. ಅದಕ್ಕೆ ಕುತ್ತಿಗೆಯ ಸ್ಕ್ಯಾನ್ ಮಾಡಿಸಿ ಏನೂ ಆಗುವುದಿಲ್ಲ.

ಕೈಯಲ್ಲಿ ಹಿಡಿದದ್ದು ಬೀಳುವುದು, ಅಂಗಿಯ ಗುಂಡಿ ಹಾಕಲು ತಡಕಾಡುವುದು, ಕಾಲು ಬಿಗಿದು ನಡಿಗೆ ತಪ್ಪುವುದು, ಮೂತ್ರ ತಡೆಯಲು ಆಗದಿರುವುದು, ಜ್ವರ ಅಥವಾ ತೂಕ ಇಳಿಯುವುದರ ಜೊತೆ ಕತ್ತು ನೋವು, ಬಿದ್ದ ಮೇಲೆ ಶುರುವಾದ ನೋವು. ಇವಕ್ಕೆ ವ್ಯಾಯಾಮ ಹುಡುಕುತ್ತಾ ಕೂರಬೇಡಿ, ಡಾಕ್ಟರನ್ನು ಕಾಣಿ. ಎಡಗೈ, ದವಡೆ, ಕತ್ತಿಗೆ ಹರಡುವ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ಅದು ಹೃದಯದ್ದೂ ಆಗಿರಬಹುದು. ಕಂಪ್ಯೂಟರ್ ಕೆಲಸದವರು ಇದನ್ನು ಸ್ಪಾಂಡಿಲೈಟಿಸ್ (ಕತ್ತಿನ ಮೂಳೆಯ ತೊಂದರೆ) ಅಂದುಕೊಂಡು ಎಣ್ಣೆ ಹಚ್ಚಿಕೊಂಡು ಮಲಗಬಾರದು.

ಸರಸ್ವತಿಪುರಂ ಟ್ಯಾಕ್ಸ್

ಇಷ್ಟು ಗಂಭೀರ ಅಂತ ಯಾರೂ ಹೇಳಿರಲಿಲ್ಲ ಡಾಕ್ಟ್ರೇ. ಮಸಾಜ್ ಸಾಕು, ತಿರುಚುವುದು ಬೇಡ ಅಂತ ನಾಳೆಯಿಂದ ಹೇಳುತ್ತೇನೆ. ಅಂಗಡಿಯವರಿಗೂ ತಿಳಿಸುತ್ತೇನೆ, ಒಳ್ಳೆ ಹುಡುಗ, ಕೇಳುತ್ತಾನೆ.

ಮದ್ದೂರು ಟೀಚರ್

ಕನ್ನಡಕದ ವಿಷಯ ಯಾರೂ ಎತ್ತಲಿಲ್ಲ. ನಲವತ್ತು ದಾಟಿದವರು ಇದನ್ನು ಓದಿ. ನನ್ನದು ಪ್ರೋಗ್ರೆಸಿವ್ ಕನ್ನಡಕ. ಹತ್ತಿರದ್ದನ್ನು ಓದುವ ಪವರ್ ಕೆಳಗಿನ ಭಾಗದಲ್ಲಿ ಇರುತ್ತದೆ. ಕಂಪ್ಯೂಟರ್ ನೋಡುವಾಗ ಆ ಭಾಗದಿಂದ ನೋಡಬೇಕು ಅಂದರೆ ಗದ್ದ ಮೇಲಕ್ಕೆತ್ತಿ ತಲೆ ಹಿಂದಕ್ಕೆ ಹಾಕಬೇಕು. ಶಾಲೆಯ ಅಂಕಪಟ್ಟಿ, ಹಾಜರಿ ಎಲ್ಲ ಆನ್‌ಲೈನ್ ಆದ ಮೇಲೆ ನನಗೆ ಕತ್ತಿನ ಬುಡದಲ್ಲೇ ನೋವು. ಎಲ್ಲರೂ ಮಾನಿಟರ್ ಮೇಲಕ್ಕೆ ಎತ್ತಿ ಅಂದರು. ಎತ್ತಿದೆ, ಇನ್ನೂ ಜಾಸ್ತಿ ಆಯಿತು. ಕಣ್ಣಿನ ಡಾಕ್ಟರ್ ಹೇಳಿದ್ದು ತದ್ವಿರುದ್ಧ: ಪ್ರೋಗ್ರೆಸಿವ್, ಬೈಫೋಕಲ್ ಹಾಕುವವರು ಸ್ಕ್ರೀನನ್ನು ಕೆಳಗೆ ಇಳಿಸಬೇಕು, ಇಲ್ಲವೇ ಕಂಪ್ಯೂಟರ್ ದೂರಕ್ಕೆ ಅಂತಲೇ ಬೇರೆ ಕನ್ನಡಕ ಮಾಡಿಸಬೇಕು. ನಾನು ಬೇರೆಯದೇ ಮಾಡಿಸಿದೆ. ಅದು ಬಂದ ಮೇಲೆ ಗದ್ದ ಎತ್ತುವುದು ತಪ್ಪಿತು.

ಕುವೆಂಪುನಗರ ಫಿಸಿಯೋ

ಟೀಚರ್ ಮೇಡಂ, ಬಹಳ ಮುಖ್ಯವಾದ ಮಾತು. ಇದನ್ನು ನಾವೂ ಕೇಳಲು ಮರೆಯುತ್ತೇವೆ.

ಬೋಗಾದಿ ಮೇಡಂ, ಕುರ್ಚಿಗೆ ದುಡ್ಡು ಹಾಕುವ ಮೊದಲು ಲ್ಯಾಪ್‌ಟಾಪ್ ಸರಿ ಮಾಡಿ. ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ಮತ್ತು ಕೀಬೋರ್ಡ್ ಅಂಟಿಕೊಂಡಿವೆ. ಕೈಗೆ ಸರಿಯಾದರೆ ಕತ್ತಿಗೆ ಸರಿಯಿಲ್ಲ, ಕತ್ತಿಗೆ ಸರಿಯಾದರೆ ಕೈಗೆ ಇಲ್ಲ. 600 ರೂಪಾಯಿ ಆಸುಪಾಸಿನಲ್ಲಿ ಬೇರೆ ಕೀಬೋರ್ಡ್ ಬರುತ್ತದೆ, ಒಂದು ಮೌಸ್ ತಗೊಳ್ಳಿ. ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕ ಅಥವಾ ಗಟ್ಟಿ ರಟ್ಟಿನ ಪೆಟ್ಟಿಗೆ ಇಟ್ಟು ಸ್ಕ್ರೀನಿನ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಮಾಡಿ. ದೂರ ಒಂದು ತೋಳಿನಷ್ಟು. ಮೊಣಕೈ ಮೈಗೆ ಹತ್ತಿರ, ಸುಮಾರು 90 ಡಿಗ್ರಿ. ಊಟದ ಟೇಬಲ್ ಸಾಮಾನ್ಯವಾಗಿ ಎತ್ತರ ಜಾಸ್ತಿ, ಅದರಿಂದ ಹೆಗಲು ಕಿವಿ ಕಡೆ ಏರುತ್ತದೆ. ನಿಮ್ಮ ಬಲ ಹೆಗಲಿಗೆ ಅದೇ ಕಾರಣ ಇರಬಹುದು. ಕುರ್ಚಿ ಮೇಲೆ ಗಟ್ಟಿ ದಿಂಬು ಹಾಕಿ ನೀವೇ ಎತ್ತರ ಆಗಿ, ಕಾಲು ನೆಲಕ್ಕೆ ತಾಗದಿದ್ದರೆ ಮಣೆ ಇಟ್ಟುಕೊಳ್ಳಿ. ಮನೆಯಲ್ಲಿ ಅಡುಗೆ ಮಣೆ ಇದ್ದೇ ಇರುತ್ತದೆ. ಸೋಫಾ, ಮಂಚದ ಮೇಲೆ ಲ್ಯಾಪ್‌ಟಾಪ್ ಬೇಡವೇ ಬೇಡ.

ನಿಮಗೆ ಯಂತ್ರದಿಂದ ನೋವಿನ ಜಾಗಕ್ಕೆ ಕರೆಂಟ್ ಇಡಿಸಿಕೊಳ್ಳಿ ಅಂತಲೂ ಯಾರಾದರೂ ಹೇಳುತ್ತಾರೆ. ಜನ ಫಿಸಿಯೋಥೆರಪಿ ಅಂದರೆ ಅದೇ ಅಂದುಕೊಂಡಿದ್ದಾರೆ. ನೋವು ತುಂಬಾ ಇದ್ದಾಗ ಸ್ವಲ್ಪ ಹಗುರ ಆಗಬಹುದು, ಬಿಸಿನೀರಿನ ಬ್ಯಾಗ್ ಕೊಡುವ ಹಾಗೆ. ಅತ್ತೆಯವರ ಎಣ್ಣೆಯೂ ಅಷ್ಟೇ, ಹಚ್ಚಿಸಿಕೊಳ್ಳಿ, ಬೆಚ್ಚಗಾಗಿ ಬಿಗಿ ಸಡಿಲವಾಗುತ್ತದೆ. ಆದರೆ ಸ್ನಾಯುಗಳಿಗೆ ಬಲ ಬರುವುದು ನೀವೇ ಮಾಡುವ ವ್ಯಾಯಾಮದಿಂದ ಮಾತ್ರ.

ಗೋಕುಲಂ ಯೋಗ

ಮೈಸೂರಿನಲ್ಲಿ ಇದ್ದು ಯೋಗದ ಮಾತು ಬರದೇ ಇರುತ್ತದೆಯೇ! 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸಿದ ಊರು ಇದು. ಹೆಸರಾಂತ ಯೋಗಗುರುಗಳಾದ ಪಟ್ಟಾಭಿ ಜೋಯಿಸರು, ಬಿ.ಕೆ.ಎಸ್. ಅಯ್ಯಂಗಾರ್ ಕೃಷ್ಣಮಾಚಾರ್ಯರಲ್ಲಿ ಕಲಿತವರು. ಹಾಗಾಗಿ ಏನೇ ನೋವು ಬಂದರೂ "ಯೋಗಕ್ಕೆ ಸೇರು" ಅನ್ನುವುದು ನಮ್ಮೂರಲ್ಲಿ ಸಹಜ. ನಾನು ಹಲವು ವರ್ಷಗಳಿಂದ ಕಲಿಸುತ್ತಿದ್ದೇನೆ, ಅದಕ್ಕೇ ಒಂದು ಎಚ್ಚರಿಕೆ ಹೇಳಬೇಕು. ಕತ್ತು ನೋವು ಇರುವಾಗ ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಮಾಡಬೇಡಿ. ಗುರುಗಳಿಗೆ ಮೊದಲೇ ಹೇಳಿ, ನಾಚಿಕೆ ಬೇಡ. ಗುಂಪಿನಲ್ಲಿ ಎಲ್ಲರೂ ಮಾಡುತ್ತಾರೆ ಅಂತ ಮಾಡಲು ಹೋದರೆ ಕಷ್ಟ.

ಶುರುವಿಗೆ ಭುಜಂಗಾಸನ ಮೆಲ್ಲಗೆ, ತಲೆ ಹಿಂದಕ್ಕೆ ಎಸೆಯದೆ ಎದೆ ಮಾತ್ರ ಎತ್ತಿ. ಮಾರ್ಜಾಲಾಸನ (ಬೆಕ್ಕಿನ ಹಾಗೆ ಮಂಡಿ, ಅಂಗೈ ಊರಿ ಬೆನ್ನನ್ನು ಮೇಲೆ ಕೆಳಗೆ ಬಾಗಿಸುವುದು) ಒಳ್ಳೆಯದು. ಗೋಡೆಗೆ ಬೆನ್ನು ಕೊಟ್ಟು ನಿಂತು ಕೈಗಳನ್ನು ಗೋಡೆ ಮೇಲೆ ಜಾರಿಸುತ್ತಾ ಮೇಲೆತ್ತುವುದು ಕೂಡ. ಅಯ್ಯಂಗಾರ್ ಪದ್ಧತಿಯಲ್ಲಿ ಕುರ್ಚಿ, ಗೋಡೆ, ಮಡಿಸಿದ ಕಂಬಳಿ, ಪಟ್ಟಿ ಎಲ್ಲ ಬಳಸುತ್ತಾರೆ, ಮೈ ಬಿಗಿದುಕೊಂಡಿರುವವರಿಗೆ ಅದು ಬಹಳ ಅನುಕೂಲ. ಕತ್ತನ್ನು ಗಿರ್ರನೆ ಸುತ್ತು ತಿರುಗಿಸುವ ವ್ಯಾಯಾಮ ಬೇಡ. ಎಡ, ಬಲ, ಮೇಲೆ, ಕೆಳಗೆ ಬೇರೆ ಬೇರೆಯಾಗಿ, ಉಸಿರಿನ ಜೊತೆ ಮಾಡಿ.

ಜಯಲಕ್ಷ್ಮೀಪುರಂ ಅಮ್ಮ

ನನ್ನ ಮಗ ದ್ವಿತೀಯ ಪಿಯುಸಿ. ಟ್ಯೂಷನ್ ಆನ್‌ಲೈನ್, ನೋಟ್ಸ್ ಪಿಡಿಎಫ್, ಆಟವೂ ಫೋನಿನಲ್ಲೇ. ಹೊಟ್ಟೆ ಅಡಿ ಮಾಡಿ ಮಲಗಿ ಓದುತ್ತಾನೆ. ಗೂನು ಬೆನ್ನು ಆಗುತ್ತದೆ ಅಂತ ಬೈದು ಬೈದು ನನಗೆ ಸಾಕಾಗಿದೆ, ಅವನಿಗೂ ಬೇಜಾರು. ಬೆನ್ನಿಗೆ ಕಟ್ಟುವ ಬೆಲ್ಟ್ ಆನ್‌ಲೈನಿನಲ್ಲಿ ನೋಡಿದೆ. ತಗೊಳ್ಳಲೇ?

ಕುವೆಂಪುನಗರ ಫಿಸಿಯೋ

ಬೇಡಮ್ಮ. ಬೆಲ್ಟ್ ಹಾಕಿದಾಗ ನೆಟ್ಟಗಿರುತ್ತಾನೆ, ಬಿಚ್ಚಿದ ಮೇಲೆ ಮೊದಲಿನ ಹಾಗೇ. ಬೈಯುವುದನ್ನೂ ನಿಲ್ಲಿಸಿ ನೋಡಿ. ಆಸ್ಟ್ರೇಲಿಯಾದಲ್ಲಿ 17 ವರ್ಷದ 1108 ಮಕ್ಕಳ ಕೂರುವ ಭಂಗಿಯನ್ನು ಅಳೆದು ನೋಡಿದಾಗ, ಬಗ್ಗಿ ಕೂರುವವರಿಗೆ ಕತ್ತು ನೋವು, ತಲೆನೋವು ಹೆಚ್ಚು ಅಂತ ಕಾಣಲಿಲ್ಲ. ಈ ವಯಸ್ಸಿಗೆ ಬೇಕಾಗಿರುವುದು ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಮತ್ತು ಸರಿಯಾದ ನಿದ್ದೆ. ಹೊಟ್ಟೆ ಅಡಿ ಮಾಡಿ ಮಲಗಿದರೆ ಕತ್ತು ಒಂದೇ ಕಡೆ ತಿರುಗಿ ಅಥವಾ ಹಿಂದಕ್ಕೆ ಬಾಗಿ ಇರುತ್ತದೆ. ಅದನ್ನು ಮಾತ್ರ ತಪ್ಪಿಸಿ, ಮೇಜು ಕೊಡಿ. ಕುಕ್ಕರಹಳ್ಳಿ ಕೆರೆ ನಿಮಗೆ ಹತ್ತಿರ. ಸಂಜೆ ಇಬ್ಬರೂ ಒಂದು ಸುತ್ತು ಹಾಕಿ, ಫೋನ್ ಮನೆಯಲ್ಲಿ ಬಿಟ್ಟು.

ಹೆಬ್ಬಾಳ ಟೆಸ್ಟಿಂಗ್

ಒಂದು ವಿಷಯ ಮನಸ್ಸಿನಲ್ಲಿ ಕುದಿಯುತ್ತಿದೆ, ಹೇಳಿಬಿಡುತ್ತೇನೆ. ನಮ್ಮ ಟೀಮಿಗೆ ಕಂಪನಿ ಒಳ್ಳೊಳ್ಳೆ ಕುರ್ಚಿ ಕೊಟ್ಟಿದೆ. ಆದರೂ ಸಾಫ್ಟ್‌ವೇರ್ ರಿಲೀಸ್ ಇರುವ ವಾರ ಎಲ್ಲರಿಗೂ ಕತ್ತು ನೋವು. ರಿಲೀಸ್ ಮುಗಿದ ಮೇಲೆ ಅದೇ ಕುರ್ಚಿಯಲ್ಲಿ ಕೂತರೂ ನೋವಿಲ್ಲ. ಅಂದರೆ ಕುರ್ಚಿಯ ದೋಷವೇ? ರಾತ್ರಿ ಹನ್ನೊಂದಕ್ಕೆ ಕಾಲ್, ಬೆಳಿಗ್ಗೆ ಎಂಟಕ್ಕೆ ಮತ್ತೊಂದು ಕಾಲ್. ಮಧ್ಯೆ ನಿದ್ದೆ ಎಲ್ಲಿ? ಟೆನ್ಷನ್ ಆದಾಗ ಹೆಗಲು ತಾನಾಗಿ ಮೇಲೇರುತ್ತದೆ, ಹಲ್ಲು ಕಚ್ಚಿಕೊಂಡಿರುತ್ತೇವೆ. ಕೆಲಸದ ಹೊತ್ತು ಸರಿ ಮಾಡದೆ ಕುರ್ಚಿ ಕೊಟ್ಟು ಕೈ ತೊಳೆದುಕೊಂಡರೆ ನೋವು ಹೋಗುವುದಿಲ್ಲ.

ಮಂಡ್ಯ ಡಾಕ್ಟರ್

ಇದರಲ್ಲಿ ಸತ್ಯ ಇದೆ. ನಿದ್ದೆ ಕೆಟ್ಟವರಿಗೆ, ಕೆಲಸದ ಒತ್ತಡ ಇರುವವರಿಗೆ ಕತ್ತು ನೋವು ಹೆಚ್ಚು, ಬಂದ ನೋವು ಹೋಗುವುದೂ ನಿಧಾನ. ನನ್ನ ಹತ್ತಿರ ಬರುವವರಿಗೆ ಮಾತ್ರೆ ಬರೆಯುವ ಮೊದಲು ಎಷ್ಟು ಗಂಟೆಗೆ ಮಲಗುತ್ತೀರಿ ಅಂತ ಕೇಳುತ್ತೇನೆ. ಒಂದು ಕೋರಿಕೆ: ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೇಳಿ ತಿಂಗಳುಗಟ್ಟಲೆ ನುಂಗಬೇಡಿ. ಬಿಪಿ, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರಿಗೆ ಅದು ಅಪಾಯ.

ಮಂಡ್ಯ ರೈಲು ಪಾಸ್

ಕಾಲರ್ ವಿಷಯ ಓದಿದೆ ಸರ್. ಹೋಗುವಾಗ ಹಾಕದೆ ನೋಡುತ್ತೇನೆ. ರೈಲಿನಲ್ಲಿ ಕೂತಾಗ ಫೋನ್ ಹಿಡಿಯುವುದು ಹೇಗೆ ಅಂತ ಯಾರಾದರೂ ಹೇಳಿ, ನೋಡದೇ ಇರುವುದು ನಮ್ಮ ಕೈಲಿ ಆಗದ ಮಾತು.

ಮಂಡಿ ಮೊಹಲ್ಲಾ ಡಿಟಿಪಿ

ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಅದರ ಮೇಲೆ ಮೊಣಕೈ ಊರಿ ಅಣ್ಣ. ಫೋನ್ ಎದೆಯ ಮಟ್ಟಕ್ಕಾದರೂ ಬರುತ್ತದೆ, ಹೆಗಲಿಗೂ ಆಧಾರ ಸಿಗುತ್ತದೆ. ಸಿನಿಮಾ ನೋಡುವ ಬದಲು ಕೇಳುವಂಥದ್ದು ಹಾಕಿಕೊಂಡರೆ ಇನ್ನೂ ಒಳ್ಳೆಯದು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಬಂದಾಗ ತಲೆ ಎತ್ತಿ ಎಂದು ಹೇಳೋಣ ಅಂದರೆ ನೀವು ಮಂಡ್ಯದಲ್ಲಿ ಹತ್ತುವವರು!

ಬೋಗಾದಿ ನಿವಾಸಿ

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ರಿಪೋರ್ಟ್ ಬಗ್ಗೆ ಓದಿದ ಮೇಲೆ ಸಮಾಧಾನ ಆಯಿತು. ಕೀಬೋರ್ಡ್ ತರಿಸಿದ್ದೇನೆ, ಮಣೆ ಇಟ್ಟುಕೊಂಡಿದ್ದೇನೆ. ಎರಡು ಪ್ರಶ್ನೆ ಉಳಿದಿವೆ. ದಿಂಬು ಯಾವುದು? ಮತ್ತೆ ಫಿಸಿಯೋ ಸರ್, ಬಲ ಬರುವ ವ್ಯಾಯಾಮ ಅಂದಿರಲ್ಲ, ಯಾವುದು, ಎಷ್ಟು ಹೊತ್ತು? ಮಗು ಇದೆ, ಅಡುಗೆ ಇದೆ, ಒಂದು ಗಂಟೆ ಬಿಡುವು ನನಗೆ ಸಿಗುವುದಿಲ್ಲ.

ಕುವೆಂಪುನಗರ ಫಿಸಿಯೋ

ಒಂದು ಗಂಟೆ ಬೇಕಿಲ್ಲ ಮೇಡಂ. ದಿಂಬಿನದ್ದು ಬೇಗ ಹೇಳುತ್ತೇನೆ: ಮಗ್ಗುಲಾಗಿ ಮಲಗಿದಾಗ ಕಿವಿಗೂ ಹಾಸಿಗೆಗೂ ನಡುವೆ ಇರುವ ಜಾಗ ತುಂಬುವಷ್ಟು ದಪ್ಪ, ಅಂಗಾತ ಮಲಗುವವರಿಗೆ ಅದಕ್ಕಿಂತ ತೆಳು. ಹತ್ತಿ ದಿಂಬೂ ಆಗುತ್ತದೆ, ಗಂಟು ಕಟ್ಟಿದ್ದರೆ ಹೊಡೆಸಿ ಹಗುರ ಮಾಡಿಸಿ.

ವ್ಯಾಯಾಮಕ್ಕೆ ಬರೋಣ. 2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ ಕತ್ತು, ಹೆಗಲು ನೋವಿದ್ದ 198 ಮಂದಿ ಆಫೀಸು ಕೆಲಸದವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 2 ನಿಮಿಷ, ಇನ್ನೊಂದಕ್ಕೆ 12 ನಿಮಿಷ, ರಬ್ಬರ್ ಟ್ಯೂಬ್ ಎಳೆಯುವ ವ್ಯಾಯಾಮ, ವಾರಕ್ಕೆ 5 ದಿನ, 10 ವಾರ. ಮೂರನೆಯ ಗುಂಪಿಗೆ ಆರೋಗ್ಯದ ಮಾಹಿತಿ ಮಾತ್ರ. ಟ್ಯೂಬ್ ಎಳೆದ ಎರಡೂ ಗುಂಪಿಗೆ ನೋವು ಚೆನ್ನಾಗಿ ಕಡಿಮೆಯಾಯಿತು, 2 ನಿಮಿಷದವರಿಗೂ! ಹೊತ್ತಿಲ್ಲ ಅನ್ನುವ ತಾಯಂದಿರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು.

ಸ್ಪೋರ್ಟ್ಸ್ ಅಂಗಡಿಯಲ್ಲಿ ರೆಸಿಸ್ಟೆನ್ಸ್ ಬ್ಯಾಂಡ್ ಅಂತ ಕೇಳಿ, ಎಲ್ಲಕ್ಕಿಂತ ಸಡಿಲವಾದದ್ದು ತಗೊಳ್ಳಿ. ಮಧ್ಯಭಾಗವನ್ನು ಪಾದದಡಿ ತುಳಿದು ಹಿಡಿದು, ಎರಡು ತುದಿ ಎರಡು ಕೈಯಲ್ಲಿ. ಮೊಣಕೈ ಸ್ವಲ್ಪ ಸಡಿಲ ಇರಲಿ. ಕೈಗಳನ್ನು ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ ಇರುವ ಹಾಗೆ ಹೆಗಲ ಮಟ್ಟದವರೆಗೆ ಎತ್ತಿ, ನಿಧಾನವಾಗಿ ಇಳಿಸಿ. ಹೆಗಲು ಕಿವಿ ಕಡೆ ಏರಬಾರದು. ಸುಸ್ತಾಗುವವರೆಗೆ ಮಾಡಿ ನಿಲ್ಲಿಸಿ, ಹೆಚ್ಚೆಂದರೆ ಎರಡು ನಿಮಿಷ. ಕುಕ್ಕರ್ ಕೂಗುವ ತನಕ ಅಡುಗೆಮನೆಯಲ್ಲೇ ಮಾಡಬಹುದು.

ಜೊತೆಗೆ ಇನ್ನೊಂದು. ನೇರ ಕೂತು, ದೃಷ್ಟಿ ಮುಂದೆ ಇಟ್ಟು, ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳಿ. ಕೆಳಗೆ ಬಗ್ಗಿಸುವುದಲ್ಲ, ನೇರ ಹಿಂದಕ್ಕೆ, ಗದ್ದದ ಕೆಳಗೆ ಮಡಿಕೆ ಬೀಳುವ ಹಾಗೆ. 5 ಸೆಕೆಂಡು ಹಿಡಿದು ಬಿಡಿ, ಹತ್ತು ಸಲ. ಕತ್ತಿನ ಮುಂಭಾಗದ ಒಳಸ್ನಾಯುಗಳಿಗೆ ಇದು ಕೆಲಸ ಕೊಡುತ್ತದೆ. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಇದ್ದಾಗ ಆಗುತ್ತದೆ.

ಶುರು ಮಾಡಿದ ವಾರ ಸ್ವಲ್ಪ ಮೈಕೈ ನೋವು ಬರಬಹುದು, ಅದು ಸಹಜ. ಮಾರನೇ ದಿನ ಬೆಳಿಗ್ಗೆಗೂ ಮೊದಲಿಗಿಂತ ಜಾಸ್ತಿ ಇದ್ದರೆ ಒಂದು ದಿನ ಬಿಟ್ಟು, ಸಲಗಳನ್ನು ಅರ್ಧಕ್ಕೆ ಇಳಿಸಿ ಮತ್ತೆ ಮಾಡಿ. ಕೈಗೆ ಜೋಮು ಹರಿದರೆ ನಿಲ್ಲಿಸಿ, ಡಾಕ್ಟರ್ ಹೇಳಿದ ಹಾಗೆ ಯಾವ ಬೆರಳು ಅಂತ ನೋಡಿಕೊಂಡು ತೋರಿಸಿ. ಎರಡನೇ ವಾರಕ್ಕೇ ಫಲ ಕಾಣಲಿಲ್ಲ ಅಂತ ಬಿಡಬೇಡಿ, ಡೆನ್ಮಾರ್ಕಿನವರಿಗೂ ಹತ್ತು ವಾರ ಬೇಕಾಯಿತು. ಬ್ಯಾಂಡ್ ತಂದ ಮೇಲೆ ಯಾವ ಕಡೆ ಎಳೆತ ಜಾಸ್ತಿ ಅನ್ನಿಸುತ್ತದೆ ಅಂತ ಇಲ್ಲಿ ಬರೆಯಿರಿ, ಅದನ್ನು ನೋಡಿ ಮುಂದಿನದ್ದು ಹೇಳುತ್ತೇನೆ.